ನೆಂಟರಿಗೆ ಬೋಟ್: ಮಲ್ಪೆಯೋ, ಹೊನ್ನಾವರವೋ?

ಬೇಸಿಗೆ ರಜೆಗೆ ದಾವಣಗೆರೆಗೆ ಬಂದ ನೆಂಟರು ಬೋಟ್ ಹತ್ತಬೇಕು ಅಂತಾರಾ?

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಅಲ್ಲಿನ ಕಂಬದಂಥ ಕಲ್ಲುಗಳನ್ನು ಮಕ್ಕಳು ಮರೆಯುವುದಿಲ್ಲ. ಆದರೆ ಅದು ಸಮುದ್ರ. ಅಲೆಗೆ ಬೋಟ್ ತೂಗಿದರೆ ಹೊರಡುವಾಗ ತಿಂದ ಬೆಣ್ಣೆ ದೋಸೆ ಹೊರಗೆ ಬಂದೀತು! ದ್ವೀಪದಲ್ಲಿ ಬಿಸಿಲೂ ಜಾಸ್ತಿ. ಮಳೆಗಾಲದಲ್ಲಂತೂ ಬೋಟ್ ಬಿಡುವುದೇ ಇಲ್ಲ.

ಹೊನ್ನಾವರದಲ್ಲಿ ಕಡಲು ಸೇರುವ ಮುಂಚಿನ ಶರಾವತಿ. ನೀರು ಶಾಂತ, ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ತೆಂಗು. ಅಜ್ಜಿಯೂ ಆರಾಮಾಗಿ ಕೂರಬಹುದು. ಸಂಜೆ ನಾಲ್ಕರ ಮೇಲೆ ಹತ್ತಿ, ಖಾರ ಮಂಡಕ್ಕಿ ಕಟ್ಟಿಕೊಳ್ಳಿ, ಲೈಫ್ ಜಾಕೆಟ್ ಬಿಚ್ಚಬೇಡಿ. ದಾರಿಯಲ್ಲಿ ಜೋಗವೂ ಸಿಗುತ್ತದೆ, ಬೇಸಿಗೆಯಲ್ಲಿ ಬಂಡೆಯೇ ಜಾಸ್ತಿ ಕಾಣುತ್ತದೆ ಅಷ್ಟೆ.

ಹಿರಿಯರಿದ್ದರೆ ನಾನು ಹೊನ್ನಾವರವನ್ನೇ ಹೇಳುತ್ತೇನೆ. ಬರೀ ಹುಡುಗರಾದರೆ ಮಲ್ಪೆ.