ಕರ್ನಲ್ ಅಪ್‌ಗ್ರೇಡ್ ಆದಮೇಲೆ ಕಂಪ್ಯೂಟರ್ ಆಫ್ ಆಗ್ತಿಲ್ವಾ? ಪವರ್ ಬಟನ್ ಒತ್ತೋ ಮುಂಚೆ ಇದನ್ನು ಓದಿ

ಲಿನಕ್ಸ್‌ನ ಉಬುಂಟು, ಮಿಂಟ್ ಬಳಸುವವರು ಗಮನಿಸಿ. ಅಪ್‌ಡೇಟ್ ಜೊತೆ ಹೊಸ ಕರ್ನಲ್ (ಹಾರ್ಡ್‌ವೇರ್ ಜೊತೆ ಮಾತಾಡುವ ಸಿಸ್ಟಂನ ತಿರುಳು) ಬಂದು ಕೂರುತ್ತದೆ, ರೀಸ್ಟಾರ್ಟ್ ಸರಿಯಾಗೇ ಆಗುತ್ತದೆ, ದಿನವಿಡೀ ತೊಂದರೆಯಿಲ್ಲ. ಸಂಜೆ ಶಟ್‌ಡೌನ್ ಕೊಟ್ಟರೆ ಪರದೆ ಕಪ್ಪಾಗುತ್ತದೆ, ಆದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಬಟನ್ ಪಕ್ಕದ ಪುಟ್ಟ ದೀಪವೂ ಆರುವುದಿಲ್ಲ. ಆಫ್ ಆಯಿತೆಂದು ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿದರೆ ಹೊರತೆಗೆಯುವಾಗ ಕಾದ ಕಾವಲಿ, ಬ್ಯಾಟರಿ ಖಾಲಿ.

ಇಲ್ಲಿ ಎರಡು ತಪ್ಪು ಆಗುತ್ತವೆ. ತಕ್ಷಣ ಪವರ್ ಬಟನ್ ಒತ್ತಿ ಹಿಡಿಯುವುದು ಒಂದು. ಹಳೆಯ ಕರ್ನಲ್ ಅಳಿಸಿಬಿಡುವುದು ಇನ್ನೊಂದು. ದುಬಾರಿಯಾಗುವುದು ಎರಡನೆಯದೇ, ಯಾಕೆಂದರೆ ತಪ್ಪು ಹೊಸ ಕರ್ನಲ್‌ನದೋ ಅಲ್ಲವೋ ಅಂತ ಪರೀಕ್ಷಿಸಲು ಇರುವ ಸುಲಭದ ದಾರಿ ಆ ಹಳೆಯ ಕರ್ನಲ್.

ಮೊದಲು ಎಲ್ಲಿ ಸಿಕ್ಕಿಕೊಂಡಿದೆ ನೋಡಿ. ಆನ್ ಮಾಡುವಾಗ ಗ್ರಬ್ ಮೆನು (ಯಾವ ಕರ್ನಲ್‌ನಿಂದ ಶುರುಮಾಡಬೇಕೆಂದು ಆರಿಸುವ ಪಟ್ಟಿ) ಬರಲು ಎಸ್ಕೇಪ್ ಕೀ ಒಮ್ಮೆ ಒತ್ತಿ (ಹಳೆಯ ಬಯೋಸ್ ಆದರೆ ಶಿಫ್ಟ್ ಹಿಡಿದಿರಿ). ಗಾಬರಿಯಲ್ಲಿ ಎಸ್ಕೇಪ್ ಪದೇಪದೇ ಒತ್ತಿದರೆ ಗ್ರಬ್ ಪ್ರಾಂಪ್ಟ್‌ಗೆ ಹೋಗಿ ಬೀಳುತ್ತೀರಿ. ಅಲ್ಲಿ 'ನಾರ್ಮಲ್' ಅಂತ ಟೈಪ್ ಮಾಡಿ ಎಂಟರ್ ಕೊಟ್ಟು, ಕೂಡಲೇ ಎಸ್ಕೇಪ್ ಒಮ್ಮೆ ಒತ್ತಿದರೆ ಮೆನು ವಾಪಸ್. ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನಿಂದ ಸಂದೇಶಗಳನ್ನು ಮರೆಮಾಡುವ 'ಕ್ವಯಟ್ ಸ್ಪ್ಲ್ಯಾಶ್' ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಈಗ ಶಟ್‌ಡೌನ್ ಕೊಟ್ಟು ಕೊನೆಯ ಸಾಲಿನ ಫೋಟೊ ಮೊಬೈಲಲ್ಲಿ ತೆಗೆದುಕೊಳ್ಳಿ. ಲಾಗ್‌ನಲ್ಲಿ ನೋಡಿಕೊಂಡರಾಯಿತು ಅನ್ನಬೇಡಿ, ಲಾಗ್ ಬರೆಯುವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆ ಹೊತ್ತಿಗಾಗಲೇ ನಿಂತಿರುತ್ತದೆ.

'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್' ಎಂದು 1 ನಿಮಿಷ 30 ಸೆಕೆಂಡಿನ ಎಣಿಕೆ ಕಂಡರೆ ಯಾವುದೋ ಸರ್ವಿಸ್ ನಿಲ್ಲಲು ಒಪ್ಪುತ್ತಿಲ್ಲ ಅಷ್ಟೇ. ಕಾಯಿರಿ, ಬಟನ್ ಮುಟ್ಟಬೇಡಿ, ಡಿಸ್ಕ್ ಇನ್ನೂ ಬಳಕೆಯಲ್ಲಿದೆ.

'ಪವರಿಂಗ್ ಆಫ್' ಬಂದು 'ಪವರ್ ಡೌನ್' ಬಾರದಿದ್ದರೆ ಡ್ರೈವರ್ ಮೇಲೆ ಅನುಮಾನಪಡಿ. ಕರ್ನಲ್ ಒಂದೊಂದು ಸಾಧನವನ್ನೂ ನಿಲ್ಲಿಸುತ್ತಾ ಬರುವಾಗ ಯಾವುದೋ ಒಂದು ಉತ್ತರ ಕೊಡುತ್ತಿಲ್ಲ. ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ಕಿತ್ತು ಇನ್ನೊಮ್ಮೆ ನೋಡಿ. ಎನ್‌ವಿಡಿಯಾ ಕಾರ್ಡ್ ಇದ್ದರೆ ಟರ್ಮಿನಲ್‌ನಲ್ಲಿ 'ಡಿಕೆಎಂಎಸ್ ಸ್ಟೇಟಸ್' ಓಡಿಸಿ, ಅದರ ಡ್ರೈವರ್ ಮಾಡ್ಯೂಲ್ ಹೊಸ ಕರ್ನಲ್‌ಗೆ ಬಿಲ್ಡ್ ಆಗಿದೆಯಾ ನೋಡಿ. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಇಲ್ಲದೆ ಮಾಡ್ಯೂಲ್ ಬಿಲ್ಡ್ ಆಗಿರುವುದಿಲ್ಲ. ಬಿಲ್ಡ್ ಆಗಿದ್ದರೂ ಸೆಕ್ಯೂರ್ ಬೂಟ್ (ಸಹಿಯಿಲ್ಲದ ಕೋಡ್ ತಡೆಯುವ ವ್ಯವಸ್ಥೆ) ಆನ್ ಇದ್ದು ಕೀ ನೋಂದಾಯಿಸದಿದ್ದರೆ ಲೋಡ್ ಆಗುವುದಿಲ್ಲ.

'ಪವರ್ ಡೌನ್' ಬಂದಮೇಲೂ ಫ್ಯಾನ್ ನಿಲ್ಲದಿದ್ದರೆ ಕರೆಂಟ್ ಕಡಿಯುವಂತೆ ಎಸಿಪಿಐ (ಪವರ್ ವಿಷಯದಲ್ಲಿ ಕರ್ನಲ್ ಮತ್ತು ಮದರ್‌ಬೋರ್ಡ್ ಮಾತಾಡಿಕೊಳ್ಳುವ ವ್ಯವಸ್ಥೆ) ಮೂಲಕ ಹೇಳಿದ್ದು ಕೆಲಸ ಮಾಡಿಲ್ಲ. ಬಯೋಸ್ ಅಪ್‌ಡೇಟ್ ಇದೆಯಾ ನೋಡಿ. ಈ ಹಂತದಲ್ಲಿ ಬಟನ್ 4 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಫೈಲುಗಳಿಗೆ ಅಪಾಯವಿಲ್ಲ.

ಇನ್ನೂ ಮುಂಚೆಯೇ ಸಿಕ್ಕಿಕೊಂಡು ಎಷ್ಟು ಕಾದರೂ ಅಲುಗಾಡದಿದ್ದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದು ಎಸ್, ಯು, ಓ ಕೀಗಳನ್ನು ಎರಡೆರಡು ಸೆಕೆಂಡು ಬಿಟ್ಟು ಒತ್ತಿ. ಇಂಥ ಯಾವ ಕೀಗಳಿಗೆ ಅನುಮತಿ ಎಂದು ಹೇಳುವ ಸೆಟ್ಟಿಂಗ್‌ಗೆ ಉಬುಂಟುವಿನ ಡೀಫಾಲ್ಟ್ ಸಂಖ್ಯೆ 176, ಅಂದರೆ 16+32+128: ಸಿಂಕ್ (ಬಾಕಿ ಬರಹವನ್ನು ಡಿಸ್ಕಿಗೆ ಇಳಿಸುವುದು), ರೀಡ್-ಓನ್ಲಿ (ಡಿಸ್ಕಿಗೆ ಮತ್ತೆ ಬರೆಯದಂತೆ ಮಾಡುವುದು), ರೀಬೂಟ್ ಅಥವಾ ಆಫ್. ಈ ಮೂರಕ್ಕೂ ಅನುಮತಿ ಉಂಟು.

ಗ್ರಬ್‌ನ 'ಅಡ್ವಾನ್ಸ್ಡ್ ಆಪ್ಷನ್ಸ್'ನಿಂದ ಹಳೆಯ ಕರ್ನಲ್ ಆರಿಸಿ ಶಟ್‌ಡೌನ್ ಕೊಟ್ಟಾಗ ಸರಿಯಾಗಿ ಆಫ್ ಆದರೆ ತೊಂದರೆಗೆ ಕಾರಣ ಹೊಸ ಕರ್ನಲ್ಲೇ. ಆ ಹಳೆಯ ಕರ್ನಲ್‌ನ ಇಮೇಜ್ ಪ್ಯಾಕೇಜ್ ತಾನಾಗಿ ಅಳಿಸಿಹೋಗದಂತೆ 'ಎಪಿಟಿ-ಮಾರ್ಕ್ ಮ್ಯಾನ್ಯುಯಲ್' ಮಾಡಿ, ಕರ್ನಲ್ ಎಳೆದು ತರುವ 'ಜೆನೆರಿಕ್' ಮೆಟಾ ಪ್ಯಾಕೇಜ್‌ಗಳಿಗೆ ಹೋಲ್ಡ್ (ಅಪ್‌ಡೇಟ್ ತಡೆ) ಹಾಕಿ. ಹೋಲ್ಡ್ ಇದ್ದಷ್ಟು ದಿನ ಕರ್ನಲ್‌ನ ಸೆಕ್ಯುರಿಟಿ ಫಿಕ್ಸ್‌ಗಳೂ ಬರುವುದಿಲ್ಲ, ಹಾಗಾಗಿ ಮುಂದಿನ ಕರ್ನಲ್ ಬಂದ ಕೂಡಲೇ ಹೋಲ್ಡ್ ತೆಗೆದು, ಆ ಕರ್ನಲ್ ಹಾಕಿಕೊಂಡು, ಮೊದಲು ಒಮ್ಮೆ ಶಟ್‌ಡೌನ್ ಕೊಟ್ಟು ನೋಡಿ.