‘ಕ್ಲಾಸಿಗೆ ಬರೋದೇ ಬೇಡ ಸಾರ್’ ಅಂದವನಿಗೆ ದುಡ್ಡು ಕೊಟ್ಟು ಕೆಟ್ಟೆ

ನಾನು ದಾವಣಗೆರೆಯವನು. ಸರಕು ಹಡಗಿನಲ್ಲಿ ಥರ್ಡ್ ಆಫೀಸರ್. ನಮ್ಮೂರಲ್ಲಿ ಈ ಕೆಲಸ ಏನು ಅಂತ ಅರ್ಥ ಮಾಡಿಸುವುದೇ ಕಷ್ಟ. ‘ನೇವಿನಾ? ಗನ್ ಕೊಟ್ಟಿದಾರಾ?’ ಅಂತ ಕೇಳುತ್ತಾರೆ. ಸಮುದ್ರಕ್ಕೂ ನಮಗೂ ನಡುವೆ ಇಡೀ ಮಲೆನಾಡು, ಘಟ್ಟ ಇದೆ. ಹಡಗಿನ ಹೆಸರಲ್ಲಿ ಟೋಪಿ ಹಾಕುವವರಿಗೆ ನಮ್ಮ ಕಡೆ ಒಳ್ಳೆ ಬೆಳೆ ಸಿಗುವುದು ಅದಕ್ಕೇ ಇರಬೇಕು. ಆದರೆ ನಾನು ಏನೂ ಗೊತ್ತಿಲ್ಲದವನಲ್ಲ. ಗೊತ್ತಿದ್ದೂ ಬಿದ್ದೆ.

ಹಡಗಿನವರಿಗೆ ಎಸ್‌ಟಿಸಿಡಬ್ಲ್ಯು ಅಂತ ಅಂತರರಾಷ್ಟ್ರೀಯ ನಿಯಮವಿದೆ. 1978ರದ್ದು, 2010ರಲ್ಲಿ ಮನಿಲಾದಲ್ಲಿ ದೊಡ್ಡ ತಿದ್ದುಪಡಿ ಆಯಿತು. ನೀರಿಗೆ ಬಿದ್ದಾಗ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಇವೆರಡನ್ನೂ ಒಮ್ಮೆ ಕಲಿತು ಬಿಟ್ಟರೆ ಆಗುವುದಿಲ್ಲ. ಐದು ವರ್ಷಕ್ಕೊಮ್ಮೆ ‘ಇನ್ನೂ ಬರುತ್ತೆ’ ಅಂತ ತೋರಿಸಬೇಕು. ಆಫೀಸರ್‌ಗಳಿಗೆ ಇನ್ನೆರಡು ಜಾಸ್ತಿ: ಲೈಫ್‌ಬೋಟ್ ಇಳಿಸಿ ನಡೆಸುವುದು, ಬೆಂಕಿ ಆರಿಸುವ ತಂಡವನ್ನು ನಡೆಸುವುದು. ಇದಕ್ಕೇ ರಿಫ್ರೆಷರ್ ಅನ್ನುತ್ತೇವೆ. ಒಂದೊಂದೂ ದೊಡ್ಡ ಕೋರ್ಸೇನಲ್ಲ. ಆದರೆ ದಾವಣಗೆರೆಯಲ್ಲಿ ಕೂತು ಮಾಡುವಂಥದ್ದೂ ಅಲ್ಲ. ಮುಂಬೈಗೋ ಇನ್ನೆಲ್ಲಿಗೋ ಹೋಗಲೇಬೇಕು.

ರಜೆಗೆ ಬಂದಿದ್ದೆ, ರಿಫ್ರೆಷರ್ ಮುಗಿಸಬೇಕಿತ್ತು. ಇತ್ತ ತಂಗಿಯ ಮದುವೆ, ಛತ್ರ, ಬಟ್ಟೆ, ಪತ್ರಿಕೆ ಹಂಚೋದು. ಅಷ್ಟರಲ್ಲಿ ಪರಿಚಯದ ಹುಡುಗನೊಬ್ಬ ಒಂದು ನಂಬರ್ ಕೊಟ್ಟ. ಆ ನಂಬರಿನ ಮನುಷ್ಯ ವಿದ್ಯಾನಗರದ ಹೋಟೆಲ್ಲಿಗೇ ಬಂದು ಭೇಟಿಯಾದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಫೋನು. ‘ಸಾರ್, ನೀವು ಕ್ಲಾಸಿಗೆ ಬರೋದೇ ಬೇಡ. ಅಟೆಂಡೆನ್ಸ್ ನಾವು ನೋಡ್ಕೋತೀವಿ. ಹತ್ತು ದಿನದಲ್ಲಿ ಸರ್ಟಿಫಿಕೇಟ್ ಕೈಗೆ’ ಅಂದ. 22,000 ರೂಪಾಯಿ, ಅವನ ಸ್ವಂತ ಫೋನ್‌ಪೇ ನಂಬರಿಗೆ. ಎರಡು ಬೆಣ್ಣೆ ದೋಸೆ ತಿಂದ, ಬಿಲ್ಲೂ ನಾನೇ ಕೊಟ್ಟೆ.

ಅವನ ಪಟ್ಟಿಯಲ್ಲಿ ಆರು ಕೋರ್ಸ್ ಇದ್ದವು. ಪ್ರಥಮ ಚಿಕಿತ್ಸೆಯ ಬೇಸಿಕ್ ಕೋರ್ಸಿಗೂ, ಪಿಎಸ್‌ಎಸ್‌ಆರ್‌ಗೂ (ಹಡಗಿನಲ್ಲಿ ಸ್ವಂತ ಸುರಕ್ಷತೆ, ಹೊಣೆಗಾರಿಕೆಯ ಕೋರ್ಸ್) ರಿಫ್ರೆಷರ್ ಅಂತ ದುಡ್ಡು ಸೇರಿಸಿದ್ದ. ಆ ಎರಡಕ್ಕೆ ಐದು ವರ್ಷದ ನಿಯಮವೇ ಇಲ್ಲ! ಇವನಿಗೆ ಹಡಗಿನ ಗಂಧಗಾಳಿ ಇಲ್ಲ ಅಂತ ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಮುಂಬೈಗೆ ಹೋಗೋದು ತಪ್ಪಿತಲ್ಲ ಅನ್ನೋ ಖುಷಿಯಲ್ಲಿ ಸುಮ್ನೆ ತಲೆಯಾಡಿಸಿದೆ.

ಹೇಳಿದ ದಿನಕ್ಕೇ ಪಿಡಿಎಫ್ ಬಂತು. ಲಾಂಛನ, ಸೀಲು, ಸಹಿ, ಕ್ಯೂಆರ್ ಕೋಡ್, ಎಲ್ಲಾ ಇತ್ತು. ಸ್ಕ್ಯಾನ್ ಮಾಡಿದರೆ ಸರ್ಕಾರದ್ದೇ ಅನ್ನಿಸುವ ಪುಟ ತೆರೆದು ನನ್ನ ಹೆಸರು, ಹಸಿರು ಟಿಕ್ಕು ತೋರಿಸಿತು. ಆಮೇಲೆ ಕಣ್ಣಿಟ್ಟು ನೋಡಿದಾಗ ಗೊತ್ತಾಯಿತು, ಆ ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇರಲಿಲ್ಲ. ಕೋಡೂ ಅವರದ್ದೇ, ಪುಟವೂ ಅವರದ್ದೇ.

ಆ ಪಿಡಿಎಫ್ ನನ್ನ ಹಡಗು ಕಂಪನಿಗೆ ಕಳಿಸಿದ್ದೆ. ಅವರು ಕ್ಯೂಆರ್ ಕಡೆ ನೋಡಲೇ ಇಲ್ಲ. ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಡಿಜಿ ಶಿಪ್ಪಿಂಗ್‌ನ ಜಾಲತಾಣದಲ್ಲಿ ನನ್ನ ಇಂಡೋಸ್ ನಂಬರ್ (ಪ್ರತಿ ನಾವಿಕನಿಗೂ ಕೊಡುವ ಗುರುತಿನ ಸಂಖ್ಯೆ) ಹಾಕಿದರು. ಮಾನ್ಯತೆ ಇರುವ ಸಂಸ್ಥೆಯಲ್ಲಿ ಕೋರ್ಸ್ ಮಾಡಿದರೆ ಅದು ಅಲ್ಲಿ ಏರುತ್ತದೆ. ನನ್ನದು ಒಂದೂ ಇರಲಿಲ್ಲ. ಎರಡು ನಿಮಿಷದ ಕೆಲಸ, ಮೊದಲೇ ನಾನೇ ನೋಡಬಹುದಿತ್ತು. ಟಿಕೆಟ್ ರದ್ದಾಯಿತು, ಆ ಹಡಗಿಗೆ ಬೇರೆಯವರು ಹೋದರು. ಖೋಟಾ ಕಾಗದ ಕೊಟ್ಟವನು ಅಂತ ಹೆಸರು ಬಂದಿದ್ದು ಇನ್ನೂ ಕೆಟ್ಟದ್ದು. ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲಾ ಮಾಡಿ, ಅಸಲಿ ಕೋರ್ಸ್ ಮಾಡಿಕೊಂಡು ಬರ್ತೀನಿ ಅಂತ ಸಮಯ ಕೇಳಿಕೊಂಡೆ.

ಅಪ್ಪನಿಗೆ ಹೇಳಿದಾಗ, ‘ಅಲ್ಲಪ್ಪಾ, ಭದ್ರಾ ಚಾನಲ್‌ನಲ್ಲಿ ಮೀನಿನ ಥರ ಈಜ್ತಿದ್ದೆ. ನಿನಗೂ ನೀರಿಗೆ ಹಾರೋದು ಕಲಿಸ್ತಾರಾ?’ ಅಂದರು. ನನಗೂ ಒಳಗೊಳಗೆ ಅದೇ ಧಿಮಾಕು ಇತ್ತು. ಮುಂಬೈಯಲ್ಲಿ ಅದು ಇಳಿಯಿತು.

ಮೊದಲ ದಿನ ಹೊಗೆ ಕೋಣೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್. ಒಳಗೆ ಹೋಗುವ ಮೊದಲು ಗಾಳಿ ಬಂದ್ ಮಾಡಿ ಉಸಿರು ಎಳೆಯಬೇಕು, ಮಾಸ್ಕ್ ಮುಖಕ್ಕೆ ಕಚ್ಚಿಕೊಳ್ಳಬೇಕು. ನನ್ನದು ಕಚ್ಚಲಿಲ್ಲ. ಪಕ್ಕದಿಂದ ಸುಸ್ ಅಂತ ಗಾಳಿ. ಪಾಠ ಮಾಡುತ್ತಿದ್ದ ಹಿರಿಯ ಎಂಜಿನಿಯರ್ ಸಿಲಿಂಡರ್ ನೋಡಲಿಲ್ಲ, ಪಟ್ಟಿ ಎಳೆಯಲಿಲ್ಲ. ನನ್ನ ಗಡ್ಡ ನೋಡಿದರು. ಮದುವೆ ಫೋಟೋಕ್ಕೆ ಅಂತ ಬಿಟ್ಟಿದ್ದು. ಕೂದಲಿದ್ದರೆ ರಬ್ಬರ್ ಅಂಟುವುದಿಲ್ಲ, ಸಿಲಿಂಡರ್‌ನ ಗಾಳಿ ಸಂದಿಯಿಂದ ಸೋರಿ ಬೇಗ ಖಾಲಿಯಾಗುತ್ತೆ. ಇದು ನಾನೇ ಖಲಾಸಿಗಳಿಗೆ ಹೇಳಿಕೊಡುವ ವಿಷಯ! ಎದುರಿನ ಸಲೂನಿಗೆ ಅಟ್ಟಿದರು.

ಮಾರನೇ ದಿನ ಈಜುಕೊಳ. ಮಗುಚಿದ ಲೈಫ್‌ರಾಫ್ಟ್, ಅಂದರೆ ಗ್ಯಾಸ್ ತುಂಬಿ ಉಬ್ಬುವ ರಬ್ಬರ್ ತೆಪ್ಪ, ನೆಟ್ಟಗೆ ಮಾಡಬೇಕು. ಗ್ಯಾಸ್ ಸಿಲಿಂಡರ್ ಇರುವ ಬದಿಗೆ ಕಾಲೂರಿ, ಪಟ್ಟಿ ಹಿಡಿದು, ಇಡೀ ಮೈಭಾರ ಹಿಂದಕ್ಕೆ ಬಿಡಬೇಕು. ನಾನು ಎದುರು ಬದಿಗೆ ಹೋಗಿ ನಿಂತೆ. ‘ಅಲ್ಲಿಂದ ಎಳೆದ್ರೆ ಸಿಲಿಂಡರ್ ತಲೆ ಮೇಲೇ ಬರುತ್ತೆ’ ಅಂತ ದಡದಿಂದ ಕೂಗಿದರು. ಸರಿ ಬದಿಗೆ ಬಂದು ಎಳೆದೆ. ರಾಫ್ಟ್ ನನ್ನ ಮೇಲೇ ಬಿತ್ತು, ಒಳಗೆ ಕತ್ತಲೆ. ಅಂಗಾತ ತೇಲುತ್ತಾ, ಕೈಯಿಂದ ಮೇಲಿನ ರಬ್ಬರ್ ತಳ್ಳುತ್ತಾ ಹೊರಗೆ ಬರಬೇಕು. ನಾನು ಗಾಬರಿಯಲ್ಲಿ ಬೋರಲಾಗಿ ಒದ್ದಾಡಿ ಒಂದು ಬೊಗಸೆ ನೀರು ಕುಡಿದೆ. ಅದು ಅಲೆಯಿಲ್ಲದ, ಹಗಲು ಬೆಳಕಿನ ಕೊಳ. ಚಾನಲ್ ಈಜು ಯಾವುದಕ್ಕೂ ಬರಲಿಲ್ಲ.

ಈಗ ಲೆಕ್ಕ ಹಾಕಿ. ಬಹಳಷ್ಟು ಹಡಗುಗಳಲ್ಲಿ ಲೈಫ್‌ಬೋಟ್, ರಾಫ್ಟ್, ಬೆಂಕಿ ಆರಿಸುವ ಸಾಮಾನು ನೋಡಿಕೊಳ್ಳುವವನೇ ಥರ್ಡ್ ಆಫೀಸರ್. ಸಿಬ್ಬಂದಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ಹಿಂದಿನ ತಿಂಗಳು ಆ ಹಡಗಿನಲ್ಲಿ ಡ್ರಿಲ್ ಮಾಡಿಲ್ಲದಿದ್ದರೆ, ಬಂದರು ಬಿಟ್ಟ 24 ಗಂಟೆಯೊಳಗೆ ಡ್ರಿಲ್ ಆಗಲೇಬೇಕು. ಆ ಪಿಡಿಎಫ್ ಪಾಸಾಗಿದ್ದರೆ, ಇಪ್ಪತ್ತು ಜನರ ಮುಂದೆ ಗಡ್ಡ ಬಿಟ್ಟುಕೊಂಡು ನಿಂತು ಮಾಸ್ಕ್ ಹಾಕುವುದು ಹೇಗೆ ಅಂತ ನಾನೇ ತೋರಿಸುತ್ತಿದ್ದೆ.

ದುಡ್ಡು ವಾಪಸ್ ಬಂದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಠಾಣೆಗೂ ಹೋದೆ. ದೂರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ, ‘ಕ್ಲಾಸಿಲ್ಲದೆ ಸರ್ಟಿಫಿಕೇಟ್ ಅಂತ ಗೊತ್ತಿದ್ದೇ ಕೊಟ್ರಾ?’ ಅಂದರು. ಹೂಂ ಅಂದೆ. ಇನ್ನೇನು ಹೇಳಲಿ?

ಆದ್ದರಿಂದ ನಮ್ಮ ಕಡೆಯ ಹುಡುಗರೇ, ದುಡ್ಡು ಕೊಡುವ ಮೊದಲು ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿ ಆ ಸಂಸ್ಥೆ ಇದೆಯಾ, ಈ ಕೋರ್ಸಿಗೆ ಅದಕ್ಕೆ ಅನುಮತಿ ಇದೆಯಾ ನೋಡಿ. ವಿಳಾಸ ನೀವೇ ಟೈಪ್ ಮಾಡಿ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಫೀಸು ಸಂಸ್ಥೆಯ ಖಾತೆಗೇ ಹೋಗಲಿ. ಕೋರ್ಸ್ ಮುಗಿದ ಮೇಲೆ ಇಂಡೋಸ್ ನಂಬರ್ ಹಾಕಿ ನೋಡಿ, ಏರಿಲ್ಲದಿದ್ದರೆ ಸಂಸ್ಥೆಯನ್ನೇ ಕೇಳಿ. ಹೊಸದಾಗಿ ಸೇರುವವರಿಗೆ ಇನ್ನೊಂದು ಮಾತು: ಹಡಗಿನಲ್ಲಿ ಕೆಲಸ ಕೊಡಿಸಲು ನಾವಿಕರಿಂದ ದುಡ್ಡು ತೆಗೆದುಕೊಳ್ಳುವಂತೆಯೇ ಇಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ, ದೋಸೆ ಬಿಲ್ ಅವನೇ ಕೊಡಲಿ.

ಕಂಪನಿಯವರು ಮತ್ತೆ ಕರೆದಿದ್ದಾರೆ. ಮುಂದಿನ ವಾರ ಹೊರಡುತ್ತೇನೆ. ಗಡ್ಡ ಬಿಟ್ಟಿಲ್ಲ.