ಹನ್ನೊಂದು ಗಂಟೆಗೆ ಗ್ರ್ಯಾಂಡ್ ಕ್ಯಾನಿಯನ್ ಇಳಿಯಬೇಡಿ

ಜೂನ್ ತಿಂಗಳಲ್ಲಿ ಲಾಸ್ ವೇಗಾಸ್‌ನಿಂದ ಬೆಳಿಗ್ಗೆ ಆರಕ್ಕೆ ಕಾರು ಹತ್ತಿದವರು ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ದಕ್ಷಿಣ ಅಂಚು, ಅಂದರೆ ಸೌತ್ ರಿಮ್, ತಲುಪುವಾಗ ಹನ್ನೊಂದಾಗಿರುತ್ತದೆ. ಸುಮಾರು 450 ಕಿ.ಮೀ., ನಾಲ್ಕೂವರೆ ಗಂಟೆಯ ಹಾದಿ, ನಡುವೆ ಕಿಂಗ್‌ಮನ್‌ನಲ್ಲಿ ಒಂದು ಕಾಫಿ. ಪಾರ್ಕಿಂಗ್ ಹುಡುಕಿ, ಅಂಚಿನಲ್ಲಿ ನಿಂತು ಫೋಟೊ ತೆಗೆದ ಮೇಲೆ ಗುಂಪಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಕೆಳಗಿಳಿದು ನೋಡೋಣ." ದಯವಿಟ್ಟು ಆ ಹೊತ್ತಿನಲ್ಲಿ ಆ ಮಾತು ಕೇಳಬೇಡಿ. ಯಾಕೆ ಎನ್ನುವುದನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಇಲ್ಲಿ ಬರೆದಿದೆ. ಈ ದಿನ ಯಾವುದೋ ಒಂದು ಗುಂಪಿನದು ಎಂದು ಓದಬೇಡಿ. ಬೇಸಿಗೆ ಬೇಸಿಗೆಗೂ ಅಂಚಿನಿಂದ ಕಣಿವೆಗಿಳಿಯುವ ಬ್ರೈಟ್ ಏಂಜೆಲ್ ಕಾಲುದಾರಿಯಲ್ಲಿ ಇದೇ ಕ್ರಮದಲ್ಲಿ, ಇದೇ ತಪ್ಪುಗಳೊಂದಿಗೆ ನಡೆಯುವ ದಿನ ಇದು.

ಹನ್ನೊಂದೂಕಾಲಕ್ಕೆ ಇಳಿಯಲು ಶುರು. ದಾರಿಯ ಬಾಯಿ ಇರುವುದು 2,091 ಮೀಟರ್ ಎತ್ತರದಲ್ಲಿ. ಅಂದರೆ ಕಣಿವೆಯ ಅಂಚೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಅಲ್ಲಿ ಗಾಳಿ ತಣ್ಣಗೆ ಬೀಸುತ್ತಿರುತ್ತದೆ. ಜೂನ್‌ನಲ್ಲೂ ಮಧ್ಯಾಹ್ನದ ಸರಾಸರಿ ಗರಿಷ್ಠ 27 ಡಿಗ್ರಿ, ಬೆಂಗಳೂರಿನ ಒಂದು ಹಿತವಾದ ದಿನದಷ್ಟೇ. ಆ ತಂಪು ನೋಡಿ ಒಬ್ಬೊಬ್ಬರು ಅರ್ಧ ಲೀಟರಿನ ಒಂದು ಬಾಟಲಿ ಹಿಡಿದು ಹೊರಡುತ್ತಾರೆ. ಆದರೆ 300 ಮೀಟರ್ ಇಳಿದಂತೆಲ್ಲ ಸುಮಾರು 3 ಡಿಗ್ರಿ ಏರುತ್ತದೆ. ಕೊಲೊರಾಡೋ ನದಿ ಹರಿಯುವ ತಳದಲ್ಲಿ ಜೂನ್‌ನ ಸರಾಸರಿ ಗರಿಷ್ಠ 38, ಜುಲೈನಲ್ಲಿ 41. ಇದು ನೆರಳಿನ ಅಳತೆ. ದಾರಿಯ ಬಹುಭಾಗದಲ್ಲಿ ನೆರಳೇ ಇಲ್ಲ, ಕಾದ ಬಂಡೆ ಪಕ್ಕದಿಂದಲೂ ಸುಡುತ್ತದೆ.

ಹನ್ನೆರಡು ಗಂಟೆಗೆ ಮೊದಲ ತಂಗುದಾಣ. 2.4 ಕಿ.ಮೀ. ನಡೆದು 340 ಮೀಟರ್ ಇಳಿದಾಗಿದೆ, ಯಾರಿಗೂ ಆಯಾಸವಿಲ್ಲ. ಹನ್ನೆರಡೂಮುಕ್ಕಾಲಕ್ಕೆ ಎರಡನೆಯದು. ಅಲ್ಲಿಂದ ಕೆಳಗೆ ಹವಾಸುಪಾಯ್ ಗಾರ್ಡನ್ಸ್‌ನ ಹಸಿರು ಮರಗಳ ಗುಂಪು ಕಾಣುತ್ತದೆ. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ಇಂಡಿಯನ್ ಗಾರ್ಡನ್ ಎಂದಿರುತ್ತದೆ, 2022ರಲ್ಲಿ ಬದಲಾಯಿತು. ಸುತ್ತ ಎಲ್ಲ ಕೆಂಪು ಬಂಡೆ, ನಡುವೆ ಅದೊಂದೇ ಹಸಿರು. ಅದು ಕಣ್ಣನ್ನು ಎಳೆಯುತ್ತದೆ. "ಆ ಮರದ ತನಕ ಹೋಗಿಬಿಡೋಣ." ಒಂದೂಮುಕ್ಕಾಲಕ್ಕೆ ಅಲ್ಲಿ ಸೇರಿದಾಗ 7.2 ಕಿ.ಮೀ. ಆಗಿದೆ, 925 ಮೀಟರ್ ಕೆಳಗಿದ್ದಾರೆ. ನೀರು ಮುಗಿದಿದೆ, ಹೊಟ್ಟೆಗೆ ಬಿದ್ದದ್ದು ಕಿಂಗ್‌ಮನ್‌ನ ತಿಂಡಿ ಮಾತ್ರ.

ಊರಲ್ಲಿ ಚಾರಣ ಮಾಡಿದವರೇ ಇಲ್ಲಿ ಹೆಚ್ಚು ಮೋಸ ಹೋಗುವುದು. ಕುಮಾರ ಪರ್ವತದಲ್ಲಿ ಕಲ್ಲು ಮಂಟಪದ ಹೊತ್ತಿಗೆ ಕಾಲು ಸೋತರೆ ತಿರುಗಿ ಇಳಿದರಾಯಿತು. ಬೆಟ್ಟ ಮೊದಲೇ ನಿಮ್ಮ ಶಕ್ತಿಯ ಲೆಕ್ಕ ಕೇಳುತ್ತದೆ, ಸಾಲದಿದ್ದರೆ ಸುಲಭದ ದಾರಿಯಲ್ಲಿ ಮನೆಗೆ ಕಳಿಸುತ್ತದೆ. ಕಣಿವೆಯೆಂದರೆ ತಲೆಕೆಳಗಾದ ಬೆಟ್ಟ. ಸುಸ್ತಾಯಿತು ಎಂದು ತಿಳಿಯುವ ಹೊತ್ತಿಗೆ ಏರು ಪೂರ್ತಿ ಬಾಕಿ, ಅದೂ ಇಳಿದದ್ದರ ಎರಡು ಪಟ್ಟು ಸಮಯ ಬೇಡುವ ಏರು, ಅದೂ ದಿನದ ಅತಿ ಬಿಸಿಯ ಗಂಟೆಗಳಲ್ಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣಿವೆಯೊಳಗೆ ನಡೆಯಬೇಡಿ ಎಂದು ರೇಂಜರ್‌ಗಳು (ಪಾರ್ಕಿನ ಕಾವಲು ಸಿಬ್ಬಂದಿ) ಹೇಳುವುದು ಇದಕ್ಕೇ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪು ಬರುತ್ತದೆ. "ಕತ್ತಲಾಗುವ ಮೊದಲು ಮೇಲೆ ಸೇರಬೇಕು" ಎಂದು ಎರಡು ಗಂಟೆಗೇ ಏರತೊಡಗುತ್ತಾರೆ. ಹವಾಸುಪಾಯ್ ಗಾರ್ಡನ್ಸ್‌ನಲ್ಲಿ ಮರದ ನೆರಳಿದೆ, ಪಕ್ಕದಲ್ಲಿ ತೊರೆ ಹರಿಯುತ್ತದೆ. ಅಲ್ಲಿ ಸಿಕ್ಕಿಕೊಂಡವರು ಮಾಡಬೇಕಾದದ್ದು ಇಷ್ಟು: ಅಂಗಿ, ಟೋಪಿ ನೀರಲ್ಲಿ ಅದ್ದಿ ಹಾಕಿಕೊಂಡು, ಉಪ್ಪಿನದೇನಾದರೂ ತಿಂದು, ನಾಲ್ಕರ ನಂತರ, ಸಾಧ್ಯವಾದರೆ ಐದರ ನಂತರ, ನಿಧಾನವಾಗಿ ಏರುವುದು. ಕತ್ತಲಾದರೂ ತೊಂದರೆಯಿಲ್ಲ, ದಾರಿ ಅಗಲವಾಗಿದೆ, ಸ್ಪಷ್ಟವಾಗಿದೆ. ಬೇಕಾದದ್ದು ಒಂದು ಹೆಡ್‌ಲ್ಯಾಂಪ್. ಹಗಲಿನ ನಡಿಗೆಗೆ ಹೊರಟವರ ಚೀಲದಲ್ಲಿ ಅದೊಂದು ಇರುವುದಿಲ್ಲ, ಹಾಗಾಗಿಯೇ ಅವರು ಬಿಸಿಲಿಗೆ ತಲೆ ಕೊಡುತ್ತಾರೆ. ಫೋನಿನ ಟಾರ್ಚ್ ನಂಬಬೇಡಿ, ಸಹಾಯ ಕರೆಯಲು ಉಳಿಸಬೇಕಾದ ಬ್ಯಾಟರಿ ಅದು.

ಮೂರು, ಮೂರೂವರೆಗೆ ಮೊದಲು ತಲೆನೋವು, ಆಮೇಲೆ ವಾಕರಿಕೆ, ಊಟ ಬೇಡವೆನಿಸುವುದು, ಮೀನಖಂಡ ಹಿಡಿದುಕೊಳ್ಳುವುದು. ಇದನ್ನು ತಡವಾಗಿ ಗುರುತಿಸುವುದಕ್ಕೆ ಒಂದು ಕಾರಣವಿದೆ. ಮಂಗಳೂರಿನಲ್ಲಿ ಬೆವರು ಮೈಮೇಲೆ ಹರಿಯುತ್ತದೆ, ನೀರು ಹೋಗುತ್ತಿರುವುದು ಗೊತ್ತಾಗುತ್ತದೆ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಬಂದ ಕ್ಷಣವೇ ಆರಿಹೋಗುತ್ತದೆ. "ನನಗೆ ಬೆವರೇ ಬರ್ತಿಲ್ಲ, ಆರಾಮಾಗಿದ್ದೀನಿ" ಎನ್ನುವವರ ಅಂಗಿಯ ಬೆನ್ನು ನೋಡಿ. ಉಪ್ಪಿನ ಬಿಳಿ ಗೆರೆ ಕಂಡರೆ ಅಷ್ಟು ಬೆವರು ಹೋಗಿದೆ ಎಂದೇ ಅರ್ಥ.

ನೀರಿನ ವಿಷಯದಲ್ಲಿ ಎರಡು ಕಡೆಗೂ ಅಪಾಯವಿದೆ. ಬಿಸಿಲಲ್ಲಿ ಏರುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕು. ಆದರೆ ಹೆದರಿಕೊಂಡು ಬರೀ ನೀರನ್ನೇ ನಾಲ್ಕೈದು ಲೀಟರ್ ಕುಡಿದು ಏನೂ ತಿನ್ನದಿದ್ದರೆ ರಕ್ತದ ಸೋಡಿಯಂ ಕುಸಿಯುತ್ತದೆ. ವೈದ್ಯರು ಇದನ್ನು ಹೈಪೊನೇಟ್ರೀಮಿಯಾ ಎನ್ನುತ್ತಾರೆ, ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಇದು ಅಪರೂಪವೇನಲ್ಲ. ಲಕ್ಷಣಗಳು ಬಿಸಿಲಿನ ಸುಸ್ತಿನಂತೆಯೇ ಇರುತ್ತವೆ: ತಲೆನೋವು, ವಾಂತಿ, ಮಂಕು. ಜೊತೆಯವರು "ಇನ್ನಷ್ಟು ನೀರು ಕುಡಿ" ಎಂದು ಒತ್ತಾಯಿಸಿದರೆ ಸ್ಥಿತಿ ಕೆಡುತ್ತದೆ, ಫಿಟ್ಸ್‌ವರೆಗೂ ಹೋಗಬಹುದು. ಕೇಳಬೇಕಾದ ಪ್ರಶ್ನೆ: ಎಷ್ಟು ಕುಡಿದೆ, ಏನು ತಿಂದೆ, ಮೂತ್ರ ಹೇಗಿದೆ? ಗಂಟೆಗಟ್ಟಲೆ ಮೂತ್ರವೇ ಆಗಿಲ್ಲ ಅಥವಾ ಗಾಢ ಹಳದಿ ಎಂದರೆ ನೀರು ಸಾಲದು. ಪದೇ ಪದೇ ನೀರಿನಂತೆ ತಿಳಿಯಾಗಿ ಆಗುತ್ತಿದೆ, ತಿಂದದ್ದು ಏನೂ ಇಲ್ಲ ಎಂದರೆ ನೀರು ನಿಲ್ಲಿಸಿ ಉಪ್ಪಿನ ತಿನಿಸು ಕೊಡಿ, ಸಹಾಯಕ್ಕೆ ಹೇಳಿ ಕಳಿಸಿ.

ಹಾಗಾಗಿ ಚೀಲದಲ್ಲಿ ನೀರಿನಷ್ಟೇ ಮುಖ್ಯ ತಿಂಡಿ. ನಮ್ಮ ಕೋಡುಬಳೆ, ನಿಪ್ಪಟ್ಟು, ಉಪ್ಪು ಹಾಕಿ ಹುರಿದ ಕಡಲೆಬೀಜ, ಖಾರದ ಅವಲಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು: ಕೆಡುವುದಿಲ್ಲ, ಕರಗುವುದಿಲ್ಲ, ಉಪ್ಪೂ ಇದೆ, ಶಕ್ತಿಯೂ ಇದೆ. ಮೊಸರನ್ನ ಕಾರಿನಲ್ಲೇ ಹುಳಿಯಾಗುತ್ತದೆ, ಬೇಡ. ಅರ್ಧ ಗಂಟೆಗೊಮ್ಮೆ ಒಂದು ಹಿಡಿ ತಿನ್ನಿ, ಹಸಿವಾಗಲಿ ಎಂದು ಕಾಯಬೇಡಿ, ಬಿಸಿಲಲ್ಲಿ ಹಸಿವು ಸತ್ತುಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಒಬ್ಬರಿಗೆ ಎರಡು. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ. ಗಟ್ಟಿ ಮಾಡಿ ಕುಡಿದರೆ ಹೊಟ್ಟೆ ತೊಳಸುತ್ತದೆ.

ಬಟ್ಟೆ ವಿಚಾರದಲ್ಲಿ ಹಿಮಾಲಯದ ಪಾಠ ಇಲ್ಲಿ ತಿರುಗುಮುರುಗು. ಚಳಿಯಲ್ಲಿ ಒದ್ದೆ ಹತ್ತಿ ಶತ್ರು, ಈ ಬಿಸಿಯಲ್ಲಿ ಅದೇ ಮಿತ್ರ. ಉದ್ದ ತೋಳಿನ ತೆಳು ಹತ್ತಿಯ ಬಿಳಿ ಅಂಗಿಯನ್ನು ನೀರು ಸಿಕ್ಕಲ್ಲೆಲ್ಲ ನೆನೆಸಿ ಹಾಕಿಕೊಳ್ಳಿ, ಆರುವಾಗ ಮೈ ತಣಿಸುತ್ತದೆ. ಆದರೆ ನಲ್ಲಿ ಸಿಕ್ಕೇ ಸಿಗುತ್ತದೆ ಎಂದು ನಂಬಬೇಡಿ. ಬ್ರೈಟ್ ಏಂಜೆಲ್‌ನ ತಂಗುದಾಣಗಳಲ್ಲಿ ನೀರು ಬೇಸಿಗೆಯಲ್ಲಷ್ಟೇ. ಅದೂ 1960ರ ದಶಕದ ಪೈಪಿನಿಂದ ಬರುವುದು, ಪೈಪು ಆಗಾಗ ಒಡೆಯುತ್ತದೆ. ಹೊರಡುವ ದಿನ ಬೆಳಿಗ್ಗೆ ಪಾರ್ಕಿನ ಫಲಕ ನೋಡಿ. ಅದೇ ಅಂಚಿನಿಂದ ಇಳಿಯುವ ಇನ್ನೊಂದು ದಾರಿ ಸೌತ್ ಕೈಬಾಬ್‌ನಲ್ಲಂತೂ ಒಳಗೆ ಒಂದು ಹನಿಯೂ ಇಲ್ಲ, ಪೂರ್ತಿ ನೀರು ಹೊತ್ತೇ ಇಳಿಯಬೇಕು.

ಮಾತು ತೊದಲುವುದು, ಅಸಂಬದ್ಧ ಸಿಟ್ಟು, ತೂರಾಡುವುದು ಕಂಡರೆ ಅದು ಹೀಟ್ ಸ್ಟ್ರೋಕ್. ಬೆವರಿದೆಯೋ ಇಲ್ಲವೋ ನೋಡುತ್ತ ಕೂರಬೇಡಿ. ನೆರಳಿಗೆ ಎಳೆದು, ಇರುವ ನೀರನ್ನು ಮೈಮೇಲೆ ಸುರಿದು, ಗಾಳಿ ಬೀಸುತ್ತಲೇ ಇರಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಒಬ್ಬರು ಜೊತೆಗಿದ್ದು ಇನ್ನೊಬ್ಬರು ಸಹಾಯಕ್ಕೆ ಹೋಗಲಿ. ಫೋನ್ ಸಿಗ್ನಲ್ ಇರುವುದಿಲ್ಲ ಎಂದೇ ಲೆಕ್ಕ ಹಾಕಿ. ಹೊಸ ಫೋನುಗಳ ಸ್ಯಾಟಲೈಟ್ ಸಂದೇಶಕ್ಕೂ ತೆರೆದ ಆಕಾಶ ಬೇಕು, ಇಕ್ಕಟ್ಟಾದ ಗೋಡೆಗಳ ನಡುವೆ ಅದೂ ಕೈಕೊಡುತ್ತದೆ. ಹೆಲಿಕಾಪ್ಟರ್ ಎಂದರೆ ಟ್ಯಾಕ್ಸಿಯಲ್ಲ. ಗಾಳಿ, ಬಿಸಿ, ಇನ್ನೊಬ್ಬರ ತುರ್ತು ಎಲ್ಲ ನೋಡಿ ರೇಂಜರ್ ನಿರ್ಧರಿಸುತ್ತಾರೆ.

ಊರಿನಿಂದ ಬಂದ ಅಪ್ಪ ಅಮ್ಮನ ಬಗ್ಗೆ ಪ್ರತ್ಯೇಕ ಮಾತು. ಬಿಪಿಗೆ ನೀರು ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುವವರಲ್ಲಿ ನೀರೂ ಸೋಡಿಯಮ್ಮೂ ಬೇಗ ಏರುಪೇರಾಗುತ್ತವೆ, ಮೊದಲೇ ವೈದ್ಯರನ್ನು ಕೇಳಿ. ಇನ್ಸುಲಿನ್ ಬಿಸಿ ಕಾರಿನಲ್ಲಿ ಬಿಡಬೇಡಿ. ವಿಸಿಟರ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೂ ಏರ್ ಆಂಬ್ಯುಲೆನ್ಸಿಗೂ ಏನು ಬರೆದಿದೆ ಎಂದು ಹೊರಡುವ ಮೊದಲೇ ಓದಿಕೊಳ್ಳಿ.

ಇಷ್ಟೆಲ್ಲಕ್ಕೂ ಮೂಲ ನಾಲ್ಕು ದಿನದಲ್ಲಿ ಐದು ಪಾರ್ಕು ಎನ್ನುವ ಯೋಜನೆ. ರಸ್ತೆಯ ಲೆಕ್ಕದಲ್ಲಿ ಅದು ಸರಿಹೋಗುತ್ತದೆ, ಆದರೆ ಪ್ರತಿ ಪಾರ್ಕಿಗೂ ನೀವು ನಡು ಮಧ್ಯಾಹ್ನ ಹೋಗಿ ಇಳಿಯುತ್ತೀರಿ. ಯೂಟಾ ರಾಜ್ಯದ ಆರ್ಚಸ್ ಪಾರ್ಕಿನ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಹೋಗಿಬರುವುದು ಬರೀ 4.8 ಕಿ.ಮೀ., ಆದರೆ ಬೋಳು ಬಂಡೆಯ ಮೇಲೆ, ನೆರಳಿಲ್ಲದೆ. ಡೆತ್ ವ್ಯಾಲಿಯಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಕೆಳಮಟ್ಟದ ದಾರಿಗಳಲ್ಲಿ ನಡೆಯಲೇಬಾರದು. ಗಡಿಯಾರವೂ ಗೊಂದಲ ಮಾಡುತ್ತದೆ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದಿಲ್ಲ, ಯೂಟಾ ಇಡುತ್ತದೆ, ಅರಿಜೋನಾದ ಒಳಗೇ ಇರುವ, ಮೂಲನಿವಾಸಿಗಳ ನವಾಹೋ ನೇಷನ್ ಕೂಡ ಇಡುತ್ತದೆ. ಪೇಜ್ ಊರಿನ ಸುತ್ತ ಫೋನು ಟವರಿಗೊಂದು ಸಮಯ ತೋರಿಸುತ್ತದೆ. ಫೋನಿನ ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ಫೀನಿಕ್ಸ್ (ಅರಿಜೋನಾದ ರಾಜಧಾನಿ) ಎಂದು ಕೈಯಾರೆ ಇಡಿ. ಪೇಜ್ ಬಳಿಯ ಕಿರಿದಾದ ಸೀಳು ಕಣಿವೆ ಆಂಟಿಲೋಪ್ ಕ್ಯಾನಿಯನ್‌ನ ಟೂರ್ ಯಾವ ಸಮಯದ ಲೆಕ್ಕದ್ದು ಎಂದು ಬುಕ್ ಮಾಡುವಾಗಲೇ ಕೇಳಿ.

ಬಿಸಿಲಿಗೆ ಹೆದರಿ ಪ್ರವಾಸವನ್ನು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ದೂಡಿದರೆ ಬೇರೆ ಅಪಾಯ. ಅದು ಅಲ್ಲಿನ ಮಳೆಗಾಲ. 1997ರ ಆಗಸ್ಟ್ 12ರಂದು ಲೋಯರ್ ಆಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದಾಗ ಮಳೆ ಸುರಿದದ್ದು ಮೈಲಿಗಟ್ಟಲೆ ದೂರದ ಮೇಲ್ಭಾಗದಲ್ಲಿ. 2015ರ ಸೆಪ್ಟೆಂಬರ್ 14ರಂದು ಯೂಟಾದ ಜಯಾನ್ ಪಾರ್ಕಿನ ಕೀಹೋಲ್ ಕ್ಯಾನಿಯನ್‌ನಲ್ಲಿ ಏಳು ಜನ ಹಾಗೆಯೇ ಪ್ರಾಣ ಕಳೆದುಕೊಂಡರು. ಬಂಡೆ ನೆಲ ನೀರು ಇಂಗಿಸುವುದಿಲ್ಲ, ಬಿದ್ದದ್ದೆಲ್ಲ ಸೀಳಿನೊಳಗೇ ಬರುತ್ತದೆ. ನಿಮ್ಮ ತಲೆಯ ಮೇಲಿನ ನೀಲಿ ಆಕಾಶಕ್ಕೆ ಇಲ್ಲಿ ಅರ್ಥವಿಲ್ಲ. ನೀರು ಕದಡಿದರೆ, ಕಡ್ಡಿ ಕಸ ತೇಲಿ ಬಂದರೆ, ದೂರದಲ್ಲಿ ಮೊರೆತ ಕೇಳಿದರೆ ಚೀಲ ಬಿಟ್ಟು ಎತ್ತರಕ್ಕೆ ಹತ್ತಿ.

ಕಾರಿನಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿ. ಮ್ಯಾಪ್ ಹತ್ತಿರದ ದಾರಿಯೆಂದು ತೋರಿಸುವ ಮಣ್ಣಿನ ರಸ್ತೆಗೆ ಬಾಡಿಗೆ ಕಾರು ಇಳಿಸಬೇಡಿ, ಮಳೆ ಬಂದರೆ ಆ ಜೇಡಿ ಮಣ್ಣಿನಲ್ಲಿ ಫೋರ್‌ವೀಲ್ ಗಾಡಿಯೂ ನಿಲ್ಲುವುದಿಲ್ಲ. ಕಾರು ಕೆಟ್ಟರೆ ಕಾರಿನ ಬಳಿಯೇ ಇರಿ. 1996ರ ಜುಲೈನಲ್ಲಿ ಡೆತ್ ವ್ಯಾಲಿಯಲ್ಲಿ ಇಬ್ಬರು ಮಕ್ಕಳೂ ಸೇರಿ ನಾಲ್ವರು ಜರ್ಮನ್ ಪ್ರವಾಸಿಗರು ಕಾಣೆಯಾದರು. ಟೈರು ಹೋದ ವ್ಯಾನ್ ಸಿಕ್ಕಿದ್ದು ಅದೇ ಅಕ್ಟೋಬರ್‌ನಲ್ಲಿ, ಅದನ್ನು ಬಿಟ್ಟು ನಡೆದುಹೋದ ದೊಡ್ಡವರ ಅವಶೇಷ ಸಿಕ್ಕಿದ್ದು 2009ರಲ್ಲಿ.

ಹಾಗಾದರೆ ಇಳಿಯುವುದೇ ಬೇಡವೇ? ಇಳಿಯಿರಿ, ಹಿಂದಿನ ರಾತ್ರಿ ಪಾರ್ಕಿನ ದಾರಿಯ ಊರುಗಳಾದ ಟುಸಾಯನ್ ಅಥವಾ ವಿಲಿಯಮ್ಸ್‌ನಲ್ಲಿ ತಂಗಿ. ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಐದೂಕಾಲರ ಸುಮಾರಿಗೆ, ಆ ಬೆಳಕಿನಲ್ಲಿ ಸೌತ್ ಕೈಬಾಬ್ ಇಳಿಯಲು ಶುರು ಮಾಡಿ. ಅಲ್ಲಿಗೆ ಖಾಸಗಿ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿನ ಮೊದಲ ಟ್ರಿಪ್ ಎಷ್ಟಕ್ಕೆಂದು ಹಿಂದಿನ ದಿನವೇ ನೋಡಿಕೊಳ್ಳಿ. 2.4 ಕಿ.ಮೀ. ಕೆಳಗಿನ ಸೀಡರ್ ರಿಜ್ ತನಕ ಹೋಗಿ, ಅರ್ಧ ಗಂಟೆ ಕೂತು, ಒಂಬತ್ತರೊಳಗೆ ಮೇಲೆ ಬನ್ನಿ. ಅದಕ್ಕೆ ಒಬ್ಬರಿಗೆ ಎರಡು ಲೀಟರ್ ನೀರು. ಮೂರನೇ ಒಂದು ಪಾಲು ನೀರು ಖರ್ಚಾದಾಗ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಮಂಡಿ ನೋವಿನ ಹಿರಿಯರಿಗೆ ಅಂಚಿನ ಮೇಲೇ ಇರುವ ಯವಪಾಯ್ ಮ್ಯೂಸಿಯಂನಿಂದ ಗ್ರ್ಯಾಂಡ್ ಕ್ಯಾನಿಯನ್ ವಿಲೇಜ್ ಕಡೆಗೆ ಅಂಚಿನುದ್ದಕ್ಕೂ ಡಾಂಬರಿನ ಸಮತಟ್ಟು ದಾರಿಯಿದೆ. ಅದರಲ್ಲಿ ಒಂದೊಂದು ಮೀಟರಿಗೆ ಹತ್ತು ಲಕ್ಷ ವರ್ಷದ ಗುರುತು ಹಾಕಿದ್ದಾರೆ, ಕಣಿವೆಯ ಕಲ್ಲುಗಳನ್ನೇ ತಂದು ವಯಸ್ಸಿನ ಕ್ರಮದಲ್ಲಿ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು.